ಅಲೆಗಳ ಗಣಿತಜ್ಞ ಜೋಸೆಫ್ ಫೂರಿಯೆ

ಫ್ರಾನ್ಸ್ ದೇಶದ ಬರ್ಗಂಡಿ ಪ್ರಾಂತ್ಯದಲ್ಲಿ ಯೋನ್ ನದಿಯ ದಂಡೆಯ ಮೇಲೆ ಓಸೇರ್ ಎಂಬ ಪಟ್ಟಣವಿದೆ. 1768ನೆಯ ಇಸವಿ ಮಾರ್ಚ್ 21ರಂದು ಆ ಊರಿನ ಒಬ್ಬ ದರ್ಜಿಯ ಮನೆಯಲ್ಲಿ ಜೋಸೆಫ್ ಫೂರಿಯೆ ಜನಿಸಿದನು. ದರ್ಜಿಯ ಮೊದಲ ಹೆಂಡತಿ ಮೂವರು ಮಕ್ಕಳನ್ನು ಬಿಟ್ಟು ತೀರಿಕೊಂಡಿದ್ದಳು. ಎರಡನೆಯ ಹೆಂಡತಿಗೆ ಹುಟ್ಟಿದ ಹನ್ನೆರಡು ಮಕ್ಕಳಲ್ಲಿ ಜೋಸೆಫ್ ಒಂಬತ್ತನೆಯವನು. ಅಷ್ಟು ದೊಡ್ಡ ಸಂಸಾರದಲ್ಲಿ ಒಂದು ಮಗುವಿಗೆ ದೊರೆಯಬಹುದಾದ ಅಕ್ಕರೆ ಎಷ್ಟಿದ್ದೀತು? ಅದೂ ಬಹುಕಾಲ ಉಳಿಯಲಿಲ್ಲ. ಒಂಬತ್ತನೆಯ ವಯಸ್ಸಿನಲ್ಲಿ ತಾಯಿಯನ್ನೂ ಮರುವರ್ಷ ತಂದೆಯನ್ನೂ ಕಳೆದುಕೊಂಡು ಹುಡುಗನು ತಬ್ಬಲಿಯಾದನು.

ಊರಿನ ಹಿರಿಯರ ಕೃಪೆಯಿಂದ ಅವನಿಗೆ 1780ರಲ್ಲಿ ಓಸೇರಿನ ಸೈನಿಕ ಶಾಲೆಯಲ್ಲಿ ಪ್ರವೇಶ ದೊರೆಯಿತು. ಹೆಸರಿಗೆ ಸೈನಿಕ ಶಾಲೆಯಾದರೂ ಅಲ್ಲಿ ಪಾಠ ಹೇಳುತ್ತಿದ್ದವರು ಬೆನೆಡಿಕ್ಟೀನ್ ಪಂಥದ ಸಂನ್ಯಾಸಿಗಳು. ಮೊದಮೊದಲು ಸಾಹಿತ್ಯದಲ್ಲಿ ಒಲವು ತೋರಿದ ಜೋಸೆಫನನ್ನು ಹದಿಮೂರನೆಯ ವಯಸ್ಸಿಗೆ ಗಣಿತವು ಸೆಳೆದುಕೊಂಡಿತು. ಹಗಲಿನ ಹೊತ್ತು ಅವನಿಗೆ ಸಾಲುತ್ತಿರಲಿಲ್ಲ. ಉರಿದುಳಿದ ಮೇಣದಬತ್ತಿಯ ತುಂಡುಗಳನ್ನು ಹಗಲೆಲ್ಲ ಆಯ್ದು ಬಚ್ಚಿಟ್ಟುಕೊಂಡು, ಎಲ್ಲರೂ ಮಲಗಿದ ಮೇಲೆ ಆ ಬೆಳಕಿನಲ್ಲಿ ಲೆಕ್ಕ ಮಾಡುತ್ತಿದ್ದನೆಂದು ಅವನ ಚರಿತ್ರಕಾರರು ಬರೆದಿದ್ದಾರೆ. ಬೆಜೂ ಎಂಬ ಗಣಿತಜ್ಞನ ಆರು ಸಂಪುಟಗಳ ಪಠ್ಯವನ್ನು ಅವನು ಹದಿನಾಲ್ಕನೆಯ ವಯಸ್ಸಿಗೆ ಓದಿ ಮುಗಿಸಿದ್ದನು. ಆ ಇರುಳು ಜಾಗರಣೆಗಳಿಂದ ಅವನ ಆರೋಗ್ಯ ಕೆಟ್ಟಿತೆಂದೂ ಹೇಳುತ್ತಾರೆ.

ಶಾಲೆ ಮುಗಿಸಿದ ಫೂರಿಯೆಗೆ ಫಿರಂಗಿ ದಳದಲ್ಲಿ ಅಧಿಕಾರಿಯಾಗಬೇಕೆಂಬ ಆಸೆಯಿತ್ತು. ಆ ದಳಕ್ಕೆ ಗಣಿತ ಬಲ್ಲವರು ಬೇಕಾಗಿದ್ದರು. ಆದರೆ ಅಂದಿನ ಫ್ರಾನ್ಸಿನಲ್ಲಿ ಆ ಬಾಗಿಲು ತೆರೆಯುತ್ತಿದ್ದುದು ಕುಲೀನರ ಮಕ್ಕಳಿಗೆ ಮಾತ್ರ. ದರ್ಜಿಯ ಮಗನ ಅರ್ಜಿಯು ತಿರಸ್ಕೃತವಾಯಿತು. ಬೇರೆ ದಾರಿ ಕಾಣದೆ ಅವನು 1787ರಲ್ಲಿ ಲ್ವಾರ್ ನದಿಯ ತೀರದ ಒಂದು ಮಠವನ್ನು ಸೇರಿ, ಸಂನ್ಯಾಸದೀಕ್ಷೆಗೆ ಸಿದ್ಧನಾಗತೊಡಗಿದನು. ಮಠದಲ್ಲಿದ್ದರೂ ಮನಸ್ಸು ಬೀಜಗಣಿತದ ಸಮೀಕರಣಗಳಲ್ಲಿಯೇ ಇತ್ತು. 1789ರಲ್ಲಿ ದೀಕ್ಷೆ ಪಡೆಯದೆಯೇ ಮಠವನ್ನು ತೊರೆದು, ಆ ವರ್ಷದ ಕೊನೆಗೆ ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಮುಂದೆ ತನ್ನ ಪ್ರಬಂಧವನ್ನು ಓದಿದನು. ಮರುವರ್ಷ ತಾನು ಕಲಿತ ಶಾಲೆಯಲ್ಲಿಯೇ ಉಪಾಧ್ಯಾಯನಾದನು.

ಅದು ಫ್ರೆಂಚ್ ಮಹಾಕ್ರಾಂತಿಯ ಕಾಲ. ಹುಟ್ಟಿನ ಕಾರಣಕ್ಕೆ ಅವಕಾಶ ತಪ್ಪಿಸಿಕೊಂಡ ಯುವಕನಿಗೆ ಸಮಾನತೆಯ ಘೋಷಣೆ ಹಿತವೆನಿಸಿದುದರಲ್ಲಿ ಆಶ್ಚರ್ಯವಿಲ್ಲ. 1793ರಲ್ಲಿ ಅವನು ಊರಿನ ಕ್ರಾಂತಿ ಸಮಿತಿಯನ್ನು ಸೇರಿದನು. ಆದರೆ ಕ್ರಾಂತಿಯು ಬೇಗನೆ ತನ್ನವರನ್ನೇ ನುಂಗಲಾರಂಭಿಸಿತು. ಓರ್ಲೆಯಾಂ ನಗರದಲ್ಲಿ ಆಪಾದಿತರಾದ ಕೆಲವರ ಪರವಾಗಿ ಮಾತನಾಡಿದುದೇ ಫೂರಿಯೆಗೆ ಮುಳುವಾಯಿತು. 1794ರ ಜುಲೈ ತಿಂಗಳಿನಲ್ಲಿ ಅವನನ್ನು ಸೆರೆಮನೆಗೆ ತಳ್ಳಿದರು. ಅಂದಿನ ದಿನಗಳಲ್ಲಿ ಸೆರೆಮನೆಯಿಂದ ಗಿಲೊಟಿನ್ ಯಂತ್ರದ ಕತ್ತಿಗೆ ದೂರ ಬಹಳವಿರಲಿಲ್ಲ. ಅದೇ ಜುಲೈ 28ರಂದು ಭಯದ ಆಳ್ವಿಕೆಯ ನಾಯಕನಾದ ರೋಬೆಸ್ಪಿಯರನೇ ಆ ಕತ್ತಿಗೆ ಬಲಿಯಾದುದರಿಂದ ಫೂರಿಯೆಯ ತಲೆ ಉಳಿಯಿತು. ಕೆಲವೇ ತಿಂಗಳುಗಳಲ್ಲಿ ಅವನು ಪ್ಯಾರಿಸಿನ ಹೊಸ ಅಧ್ಯಾಪಕ ಶಿಕ್ಷಣ ಸಂಸ್ಥೆಯಲ್ಲಿ ವಿದ್ಯಾರ್ಥಿಯಾಗಿ ಕುಳಿತಿದ್ದನು. ಅಲ್ಲಿ ಪಾಠ ಹೇಳುತ್ತಿದ್ದವರು ಲಗ್ರಾಂಜ್, ಲಾಪ್ಲಾಸ್ ಮತ್ತು ಮೋಂಜ್ ಎಂಬ ಮಹಾಗಣಿತಜ್ಞರು. ಬಳಿಕ ಪಾಲಿಟೆಕ್ನಿಕ್ ಮಹಾಶಾಲೆಯಲ್ಲಿ ಅವನೇ ಅಧ್ಯಾಪಕನಾಗಿ, 1797ರಲ್ಲಿ ಲಗ್ರಾಂಜನ ಪೀಠವನ್ನೇರಿದನು.

1798ರಲ್ಲಿ ನೆಪೋಲಿಯನ್ನನು ಈಜಿಪ್ಟಿನ ಮೇಲೆ ದಂಡೆತ್ತಿ ಹೋದಾಗ ಸೈನಿಕರೊಡನೆ ವಿದ್ವಾಂಸರ ಒಂದು ತಂಡವನ್ನೂ ಕರೆದೊಯ್ದನು. ಅದರಲ್ಲಿ ಫೂರಿಯೆಯೂ ಇದ್ದನು. ಕೈರೋ ನಗರದಲ್ಲಿ ಸ್ಥಾಪಿತವಾದ ಈಜಿಪ್ಟ್ ಸಂಸ್ಥೆಗೆ ಅವನೇ ಕಾರ್ಯದರ್ಶಿ. ಮೂರು ವರ್ಷಗಳ ಬಳಿಕ ಸ್ವದೇಶಕ್ಕೆ ಮರಳಿ ಮತ್ತೆ ಪಾಠ ಹೇಳಿಕೊಂಡಿರಬೇಕೆಂದು ಅವನು ಬಯಸಿದ್ದನು. ನೆಪೋಲಿಯನ್ನನ ಇಚ್ಛೆ ಬೇರೆಯಿತ್ತು. ಆಲ್ಪ್ಸ್ ಪರ್ವತದ ಮಗ್ಗುಲಿನ ಗ್ರೆನೋಬ್ಲ್ ನಗರದಲ್ಲಿದ್ದು ಇಸೇರ್ ಜಿಲ್ಲೆಯನ್ನು ಆಳುವ ಅಧಿಕಾರಿಯನ್ನಾಗಿ ಅವನನ್ನು ನೇಮಿಸಿದನು.

ಬೇಡದೆ ಬಂದ ಈ ಅಧಿಕಾರವನ್ನು ಫೂರಿಯೆಯು ದಕ್ಷತೆಯಿಂದ ನಿರ್ವಹಿಸಿದನು. ಬೂರ್ಗ್ವಾನ್ ಎಂಬಲ್ಲಿ ವಿಶಾಲವಾದ ಜೌಗುಭೂಮಿಯೊಂದು ಸುತ್ತಣ ಗ್ರಾಮಗಳಿಗೆಲ್ಲ ಚಳಿಜ್ವರವನ್ನು ಹಂಚುತ್ತಿತ್ತು. ನೀರನ್ನು ಬಸಿಯುವುದು ಅಷ್ಟು ಕಷ್ಟದ ಕೆಲಸವಲ್ಲ. ಆ ಭೂಮಿಯಲ್ಲಿ ಹಕ್ಕುಳ್ಳ ಹಲವಾರು ಗ್ರಾಮಗಳ ಜನರನ್ನು ಒಪ್ಪಿಸುವುದೇ ಕಷ್ಟ. ಫೂರಿಯೆಯು ತಾಳ್ಮೆಯಿಂದ ಅವರೆಲ್ಲರ ಸಮ್ಮತಿಯನ್ನು ಪಡೆದು ಜೌಗನ್ನು ಒಣಗಿಸಿದನು. ಗ್ರೆನೋಬ್ಲಿನಿಂದ ಇಟಲಿಯ ಟ್ಯೂರಿನ್ ನಗರದ ಕಡೆಗೆ ಹೊಸ ರಸ್ತೆಯನ್ನು ಮಾಡಿಸಿದನು. ಈಜಿಪ್ಟಿನ ಕುರಿತ ಬೃಹದ್ಗ್ರಂಥಕ್ಕೆ ಐತಿಹಾಸಿಕ ಪೀಠಿಕೆಯನ್ನು ಬರೆದನು. ಆ ಊರಿನ ಶಾಂಪೋಲಿಯೋನ್ ಸೋದರರು ಅವನ ಸ್ನೇಹಿತರಾದರು. ಅವರಲ್ಲಿ ಕಿರಿಯನೇ ಮುಂದೆ 1822ರಲ್ಲಿ ಈಜಿಪ್ಟಿನ ಚಿತ್ರಲಿಪಿಯ ಗುಟ್ಟನ್ನು ಬಿಡಿಸಿದವನು. ಮರಳುಗಾಡಿನ ಬಿಸಿಲಿನಿಂದ ಹಿಂದಿರುಗಿದ ಫೂರಿಯೆಗೆ ಗ್ರೆನೋಬ್ಲಿನ ಚಳಿ ತಡೆಯಲಾಗಲಿಲ್ಲ. ಕೋಣೆಯಲ್ಲಿ ಸದಾ ಬೆಂಕಿ ಉರಿಯುತ್ತಿರಬೇಕು. ಮೈಮೇಲೆ ಹಲವು ಹೊದಿಕೆಗಳಿರಬೇಕು. ಇಂಥವನು ಆರಿಸಿಕೊಂಡ ವಿಷಯ ಶಾಖವೇ ಆದುದು ಒಂದು ಸ್ವಾರಸ್ಯ.

ಕಚೇರಿಯ ಕಡತಗಳ ನಡುವೆ ಬಿಡುವು ಮಾಡಿಕೊಂಡು ಅವನು ಕೈಗೆತ್ತಿಕೊಂಡ ಪ್ರಶ್ನೆ ಇದು: ಕಾಯ್ದ ಘನವಸ್ತುವಿನ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಶಾಖವು ಹೇಗೆ ಹರಡುತ್ತದೆ? ಅವನು ಬರಿಯ ಕಾಗದದ ಮೇಲೆ ಲೆಕ್ಕ ಹಾಕಿ ತೃಪ್ತನಾಗಲಿಲ್ಲ. ಕಬ್ಬಿಣದ ದೊಡ್ಡ ಬಳೆಯೊಂದನ್ನು ಮಾಡಿಸಿ, ಅದರ ಸುತ್ತ ಅಲ್ಲಲ್ಲಿ ರಂಧ್ರ ಕೊರೆದು ಉಷ್ಣಮಾಪಕಗಳನ್ನು ನಿಲ್ಲಿಸಿದನು. ಬಳೆಯ ಅರ್ಧವನ್ನು ಕುಲುಮೆಯಲ್ಲಿ ಕಾಯಿಸಿ, ಬಳಿಕ ಇಡೀ ಬಳೆಯನ್ನು ಮರಳಿನಲ್ಲಿ ಹುದುಗಿಸಿ, ಉಷ್ಣಮಾಪಕಗಳನ್ನು ಗಮನಿಸುತ್ತ ಕುಳಿತನು. ಅರ್ಧ ಬಿಸಿ, ಅರ್ಧ ತಣ್ಣಗೆ. ನಡುವೆ ಗೋಡೆಯಂತೆ ಕಡಿದಾದ ಅಂಚು. ಆರಂಭದ ಸ್ಥಿತಿ ಸುಮಾರಾಗಿ ಹೀಗಿತ್ತು. ಸ್ವಲ್ಪ ಹೊತ್ತಿನಲ್ಲಿಯೇ ಆ ಅಂಚುಗಳು ಮಾಯವಾದವು. ಬಳೆಯ ಸುತ್ತಲಿನ ತಾಪವು ನುಣುಪಾದ ಒಂದೇ ಅಲೆಯಂತೆ ಒಂದು ಕಡೆ ಏರಿ, ಎದುರು ಕಡೆ ಇಳಿದು ಕಂಡಿತು.

ಹೀಗೇಕಾಯಿತು? ಫೂರಿಯೆಯ ಉತ್ತರವು ಗಣಿತದ ದಿಕ್ಕನ್ನೇ ಬದಲಿಸಿತು. ಎಂಥ ಅಂಕುಡೊಂಕಾದ ಹಂಚಿಕೆಯಾದರೂ ಅದನ್ನು ಶುದ್ಧವಾದ ಅಲೆಗಳ ಮೊತ್ತವೆಂದು ಬರೆಯಬಹುದು ಎಂದು ಅವನು ಸಾಧಿಸಿದನು. ಶುದ್ಧ ಅಲೆಯೆಂದರೆ ತ್ರಿಕೋನಮಿತಿಯ ಸೈನ್ ಪಟ್ಟಿಯಲ್ಲಿ ಕಾಣುವ, ಸಮವಾಗಿ ಏರಿ ಸಮವಾಗಿ ಇಳಿಯುವ ಅಲೆ. ಅರ್ಧ ಕಾಯ್ದ ಬಳೆಯನ್ನೇ ನೋಡೋಣ. ಬಳೆಯ ಸುತ್ತ ಒಂದೇ ಸಲ ಏರಿಳಿಯುವ ಅಲೆಯೊಂದನ್ನು ತೆಗೆದುಕೊಂಡು, ಅದರ ಎತ್ತರವನ್ನು 1 ಎನ್ನೋಣ. ಅದಕ್ಕೆ ಮೂರು ಸಲ ಏರಿಳಿಯುವ, ಮೂರರಲ್ಲಿ ಒಂದರಷ್ಟು ಎತ್ತರದ ಅಲೆಯನ್ನು ಕೂಡಿಸಬೇಕು. ಆಮೇಲೆ ಐದು ಸಲ ಏರಿಳಿಯುವ, ಐದರಲ್ಲಿ ಒಂದರಷ್ಟು ಎತ್ತರದ್ದನ್ನು. ಹೀಗೆಯೇ ಏಳು, ಒಂಬತ್ತು ಎಂದು ಮುಂದುವರಿಯಬೇಕು. ಬಿಸಿಯ ಭಾಗದ ನಟ್ಟನಡುವೆ ಮೊದಲನೆಯದು ಶಿಖರದಲ್ಲಿದ್ದರೆ ಎರಡನೆಯದು ತಗ್ಗಿನಲ್ಲಿರುತ್ತದೆ, ಮೂರನೆಯದು ಮತ್ತೆ ಶಿಖರದಲ್ಲಿ. ಆದುದರಿಂದ ಅಲ್ಲಿನ ಮೊತ್ತವು 1ರಿಂದ 0.67ಕ್ಕೆ ಇಳಿದು, 0.87ಕ್ಕೆ ಏರಿ, 0.72ಕ್ಕೆ ಇಳಿದು, ಹೀಗೆ ತೂಗಾಡುತ್ತ ಕೊನೆಗೆ 0.785ರ ಬಳಿ ನಿಲ್ಲುತ್ತದೆ. ಬಿಸಿಯ ಭಾಗದ ಬೇರಾವ ಬಿಂದುವಿನಲ್ಲಿ ಕೂಡಿಸಿದರೂ ಕೊನೆಗೆ ದೊರೆಯುವುದು ಅದೇ 0.785. ದುಂಡನೆಯ ಅಲೆಗಳು ಕೂಡಿ ಸಮತಟ್ಟಾದ ಜಗಲಿಯೊಂದನ್ನು ಕಟ್ಟಿದವು! ತಾಳ್ಮೆಯುಳ್ಳ ವಿದ್ಯಾರ್ಥಿಯು ಸೈನ್ ಪಟ್ಟಿಯನ್ನು ಮುಂದಿಟ್ಟುಕೊಂಡು ಇದನ್ನು ತಾನೇ ಪರೀಕ್ಷಿಸಬಹುದು.

ಅಲೆಗಳಾಗಿ ಬಿಡಿಸಿದುದರ ಪ್ರಯೋಜನವೇನು? ಪ್ರತಿಯೊಂದು ಅಲೆಯೂ ಉಳಿದವುಗಳ ಗೊಡವೆಯಿಲ್ಲದೆ ತನ್ನಷ್ಟಕ್ಕೆ ತಾನು ಕುಗ್ಗುತ್ತದೆ. ಕುಗ್ಗುವ ವೇಗವು ಏರಿಳಿತಗಳ ಸಂಖ್ಯೆಯ ವರ್ಗಕ್ಕೆ ಅನುಗುಣವಾಗಿರುತ್ತದೆ. ಮೂರು ಸಲ ಏರಿಳಿಯುವ ಅಲೆಯು ಒಂದೇ ಸಲದ ಅಲೆಗಿಂತ ಒಂಬತ್ತು ಪಟ್ಟು ಬೇಗ ಕರಗುತ್ತದೆ. ಐದು ಸಲದ್ದು ಇಪ್ಪತ್ತೈದು ಪಟ್ಟು. ಮೊದಲನೆಯ ಅಲೆಯು ಅರ್ಧಕ್ಕೆ ಇಳಿಯುವಷ್ಟರಲ್ಲಿ, ಮೂರರ ಅಲೆಯು ಒಂಬತ್ತು ಸಲ ಅರ್ಧವಾಗಿ 512ರಲ್ಲಿ ಒಂದು ಪಾಲಾಗಿರುತ್ತದೆ. ಬಳೆಯ ಮೇಲೆ ಒಂದೇ ಅಲೆ ಉಳಿದುದರ ಗುಟ್ಟು ಇದೇ. ಕಬ್ಬಿಣವು ಒಂದು ಜರಡಿಯಂತೆ ವರ್ತಿಸಿತು. ದೊಡ್ಡ ಅಲೆಯನ್ನು ಉಳಿಸಿಕೊಂಡು ಸಣ್ಣ ಸಣ್ಣ ಕಂಪನಗಳನ್ನು ಸೋಸಿಬಿಟ್ಟಿತು.

1807ರ ಡಿಸೆಂಬರ್ ತಿಂಗಳಿನಲ್ಲಿ ಫೂರಿಯೆಯು ಈ ವಿಚಾರಗಳನ್ನು ಪ್ಯಾರಿಸಿನ ವಿದ್ವತ್ಸಂಸ್ಥೆಗೆ ಒಪ್ಪಿಸಿದನು. ಪರೀಕ್ಷಕರಾಗಿದ್ದವರು ಲಗ್ರಾಂಜ್, ಲಾಪ್ಲಾಸ್, ಮೋಂಜ್ ಮತ್ತು ಲಕ್ರ್ವಾ. ಗುರುಗಳು ಶಿಷ್ಯನನ್ನು ಮೆಚ್ಚಲಿಲ್ಲ. ಎಲ್ಲೆಡೆಯೂ ನುಣುಪಾದ ಅಲೆಗಳನ್ನು ಎಷ್ಟು ಕೂಡಿಸಿದರೇನು, ಮೊತ್ತದಲ್ಲಿ ಕಡಿದಾದ ಅಂಚು ಬರುವುದು ಹೇಗೆ ಎಂಬುದು ಲಗ್ರಾಂಜನ ಶಂಕೆ. ಅರ್ಧ ಶತಮಾನದ ಹಿಂದೆ ಕಂಪಿಸುವ ತಂತಿಯ ಬಗೆಗೆ ಆಯ್ಲರ್, ಡಾಲಂಬೇರ್, ಡೇನಿಯಲ್ ಬರ್ನೂಲಿ ಮೊದಲಾದವರ ನಡುವೆ ಇಂಥದೇ ವಾದ ನಡೆದಿತ್ತು. ಆಗಲೂ ಯುವಕ ಲಗ್ರಾಂಜನು ಅಲೆಗಳ ಮೊತ್ತವನ್ನು ಒಪ್ಪಿರಲಿಲ್ಲ. ಅವನ ಆಕ್ಷೇಪವನ್ನು ಹಿರಿಯನ ಹಟವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಕೊನೆಯಿಲ್ಲದ ಸಂಖ್ಯೆಗಳ ಮೊತ್ತವು ನಿಜವಾಗಿ ಒಂದು ಬೆಲೆಗೆ ಬಂದು ನಿಲ್ಲುವುದೆಂದು ತೋರಿಸುವ ಹೊಣೆ ಫೂರಿಯೆಯದಾಗಿತ್ತು. ಅದನ್ನು ಅವನು ಪೂರ್ಣವಾಗಿ ನಿರ್ವಹಿಸಿರಲಿಲ್ಲ. ಪ್ರಬಂಧವು ಅಚ್ಚಾಗದೆ ಉಳಿಯಿತು.

ಮುಂದೆ ಆ ಸಂಸ್ಥೆಯೇ ಶಾಖದ ಹರಡುವಿಕೆಯನ್ನು ಬಹುಮಾನದ ವಿಷಯವಾಗಿ ಘೋಷಿಸಿತು. ಫೂರಿಯೆಯು ತನ್ನ ಪ್ರಬಂಧವನ್ನು ವಿಸ್ತರಿಸಿ 1811ರಲ್ಲಿ ಕಳುಹಿಸಿದನು. ಬಹುಮಾನವೇನೋ ಅವನಿಗೇ ಬಂದಿತು. ಆದರೆ ಅದರ ಜೊತೆಯಲ್ಲಿಯೇ, ವಿಧಾನದಲ್ಲಿ ವ್ಯಾಪಕತೆಯೂ ಬಿಗಿಯೂ ಸಾಲದೆಂಬ ತೀರ್ಪು ಬಂದಿತು. ಬಹುಮಾನಿತ ಪ್ರಬಂಧವೂ ಅಚ್ಚಾಗಲಿಲ್ಲ. ರಾಜಧಾನಿಯಿಂದ ದೂರದ ಗುಡ್ಡಗಾಡಿನಲ್ಲಿದ್ದ ಅಧಿಕಾರಿಗೆ ಇದು ಎಷ್ಟು ನೋವನ್ನು ತಂದಿತೆಂಬುದನ್ನು ಊಹಿಸಬಹುದು. ಅವನು ಮತ್ತೊಮ್ಮೆ ಬರೆಯಲು ಕುಳಿತನು.

ಅಷ್ಟರಲ್ಲಿ ರಾಜಕೀಯದ ಬಿರುಗಾಳಿ ಮತ್ತೆ ಬೀಸಿತು. 1814ರಲ್ಲಿ ಪದಚ್ಯುತನಾದ ನೆಪೋಲಿಯನ್ನನು 1815ರ ಮಾರ್ಚಿನಲ್ಲಿ ಎಲ್ಬಾ ದ್ವೀಪದಿಂದ ತಪ್ಪಿಸಿಕೊಂಡು ಗ್ರೆನೋಬ್ಲಿನ ಮಾರ್ಗವಾಗಿಯೇ ಬಂದನು. ಅರಸನಿಗೆ ನಿಷ್ಠನಾಗಿರಬೇಕಾದ ಫೂರಿಯೆಯು ಹಳೆಯ ಒಡೆಯನಿಗೆ ಎದುರು ಬೀಳಲಾರದೆ ನಗರವನ್ನೇ ಬಿಟ್ಟು ಹೊರಟನು. ನೆಪೋಲಿಯನ್ನನು ಅವನನ್ನು ರೋನ್ ಜಿಲ್ಲೆಯ ಆಡಳಿತಕ್ಕೆ ನೇಮಿಸಿದನು. ಕೆಲವೇ ವಾರಗಳಲ್ಲಿ ಫೂರಿಯೆಯು ಆ ಪದವಿಯನ್ನೂ ತೊರೆದನು. ನೆಪೋಲಿಯನ್ನನ ಪತನಾನಂತರ ಅವನು ಎರಡೂ ಪಕ್ಷಗಳಿಗೆ ಬೇಡವಾದವನಾಗಿ ಪ್ಯಾರಿಸಿಗೆ ಬಂದನು. ಪ್ಯಾರಿಸ್ ಜಿಲ್ಲೆಯ ಆಡಳಿತಾಧಿಕಾರಿಯಾಗಿದ್ದ ಹಳೆಯ ಶಿಷ್ಯನೊಬ್ಬನು ಗುರುವಿನ ಬಡತನವನ್ನು ಕಂಡು ಅಂಕಿಅಂಶಗಳ ಕಚೇರಿಯಲ್ಲಿ ಕೆಲಸ ಕೊಡಿಸಿದನು. 1816ರಲ್ಲಿ ಅಕಾಡೆಮಿಯು ಅವನನ್ನು ಸದಸ್ಯನನ್ನಾಗಿ ಆರಿಸಿದಾಗ ಹದಿನೆಂಟನೆಯ ಲೂಯಿ ಅರಸನು ಒಪ್ಪಿಗೆ ನೀಡಲಿಲ್ಲ. ಮರುವರ್ಷ ಮತ್ತೆ ಆರಿಸಲಾಗಿ ಅರಸನು ಮಣಿದನು. 1822ರಲ್ಲಿ ಫೂರಿಯೆಯು ಅಕಾಡೆಮಿಯ ಕಾಯಂ ಕಾರ್ಯದರ್ಶಿಯಾದನು. ಅದೇ ವರ್ಷ, ಮೊದಲ ಪ್ರಬಂಧವನ್ನು ಒಪ್ಪಿಸಿದ ಹದಿನೈದು ವರ್ಷಗಳ ಮೇಲೆ, ಶಾಖದ ವಿಶ್ಲೇಷಣಾತ್ಮಕ ಸಿದ್ಧಾಂತವೆಂಬ ಅವನ ಮಹಾಗ್ರಂಥವು ಹೊರಬಂದಿತು. ಅದನ್ನು ಕಾಣಲು ಲಗ್ರಾಂಜನು ಇರಲಿಲ್ಲ. 1811ರ ಪ್ರಬಂಧವನ್ನೂ ಫೂರಿಯೆಯು ಒಂದಕ್ಷರವನ್ನು ತಿದ್ದದೆ ಅಕಾಡೆಮಿಯ ಸಂಪುಟಗಳಲ್ಲಿ ಅಚ್ಚು ಮಾಡಿಸಿದನು. ಆ ಹಟ ಅವನಿಗೆ ಸಲ್ಲಬೇಕಾದುದೇ.

ಕೊನೆಯ ವರ್ಷಗಳಲ್ಲಿ ಅವನು ಭೂಮಿಯ ತಾಪದ ಬಗೆಗೆ ಚಿಂತಿಸಿದನು. ಸೂರ್ಯನ ಬೆಳಕನ್ನು ಸುಲಭವಾಗಿ ಒಳಬಿಡುವ ವಾಯುಮಂಡಲವು ನೆಲದಿಂದ ಮರಳಿ ಹೊರಡುವ ಕಾಣದ ಶಾಖವನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲವೆಂದು 1824ರಲ್ಲಿ ಬರೆದನು. ಇಂದು ಎಲ್ಲರ ಬಾಯಲ್ಲಿರುವ ಹಸಿರುಮನೆ ಪರಿಣಾಮದ ವಿಚಾರಕ್ಕೆ ಅದು ನಾಂದಿ. ಅವನು ಮದುವೆಯಾಗಲಿಲ್ಲ. 1830ರ ಮೇ ತಿಂಗಳ ಮೊದಲಲ್ಲಿ ಮೆಟ್ಟಿಲಿನಿಂದ ಬಿದ್ದ ಫೂರಿಯೆಯು ಚೇತರಿಸಿಕೊಳ್ಳದೆ ಅದೇ ತಿಂಗಳು 16ರಂದು ಪ್ಯಾರಿಸಿನಲ್ಲಿ ನಿಧನನಾದನು.

ಗುರುಗಳು ಕೇಳಿದ ಪ್ರಶ್ನೆಗೆ ಬಿಗಿಯಾದ ಉತ್ತರವು ಅವನ ಜೀವಿತಕಾಲದಲ್ಲಿಯೇ ಬಂದಿತು. ಪ್ಯಾರಿಸಿನಲ್ಲಿ ಅವನ ಪರಿಚಯ ಮಾಡಿಕೊಂಡಿದ್ದ ಡಿರಿಕ್ಲೆ ಎಂಬ ಜರ್ಮನ್ ತರುಣನು ಯಾವ ನಿಯಮಗಳಿಗೆ ಒಳಪಟ್ಟು ಅಲೆಗಳ ಮೊತ್ತವು ಸರಿಯಾದ ಬೆಲೆಯನ್ನು ತಲುಪುವುದೆಂದು 1829ರಲ್ಲಿ ಸಾಧಿಸಿ ತೋರಿಸಿದನು. ಹದಿಹರೆಯದಲ್ಲಿಯೇ ಫೂರಿಯೆಯ ಗ್ರಂಥವನ್ನು ಓದಿ ಮಾರುಹೋದ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವನು, 1870ರ ದಶಕದಲ್ಲಿ ರಾಟೆಗಳಿಂದಲೇ ಅಲೆಗಳನ್ನು ಕೂಡಿಸಿ ಸಮುದ್ರದ ಭರತ ಇಳಿತಗಳನ್ನು ಮುಂಚಿತವಾಗಿ ತಿಳಿಸುವ ಯಂತ್ರವನ್ನು ಕಟ್ಟಿಸಿದನು. ಭಾರತದ ಬಂದರುಗಳ ಲೆಕ್ಕಕ್ಕೆಂದೇ ಅಂಥ ಯಂತ್ರವೊಂದು 1879ರಲ್ಲಿ ಇಂಗ್ಲೆಂಡಿನಲ್ಲಿ ಸಿದ್ಧವಾಯಿತು. ಸಿ.ವಿ. ರಾಮನ್ ಅವರು ಬೆಂಗಳೂರಿನಲ್ಲಿದ್ದಾಗ 1934ರಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿ, ಮೃದಂಗದ ಮುಚ್ಚಿಗೆಯ ನಡುವಣ ಕಪ್ಪು ಕರಣೆಯು ಅದರ ಕಂಪನಗಳನ್ನು ಒಂದು, ಎರಡು, ಮೂರು ಎಂಬ ಪೂರ್ಣಸಂಖ್ಯೆಗಳ ಅನುಪಾತಕ್ಕೆ ತರುವುದನ್ನು ವಿವರಿಸಿದರು. ಚರ್ಮವಾದ್ಯದಿಂದ ನಾದ ಹೊರಡುವುದು ಆ ಅನುಪಾತದಿಂದ. ಅದನ್ನು ಅಳೆಯಲು ಬೇಕಾದ ದೃಷ್ಟಿ ಫೂರಿಯೆಯಿಂದ ಬಂದುದು.

ಇಂದು ಅವನ ಗಣಿತವು ಹೆಚ್ಚಾಗಿ ನೆಲೆಸಿರುವುದು ಗಣಕಯಂತ್ರಗಳಲ್ಲಿ. ಧ್ವನಿ, ಚಿತ್ರ, ನಾಡಿಯ ಬಡಿತ, ಇವನ್ನೆಲ್ಲ ಯಂತ್ರವು ಸಮಾನ ಅಂತರದ ಕ್ಷಣಗಳಲ್ಲಿ ಅಳೆದು ಬರಿಯ ಅಂಕಿಗಳ ಸಾಲನ್ನಾಗಿ ಮಾಡಿಕೊಳ್ಳುತ್ತದೆ. ಹೀಗೆ ಸುದ್ದಿಯನ್ನು ಹೊತ್ತ ಅಂಕಿಗಳ ಸಾಲಿಗೆ ಸಂಕೇತವೆಂದು ಹೆಸರು. ಆ ಸಾಲಿನಿಂದ ಬೇಡವಾದ ಅಲೆಗಳನ್ನು ಲೆಕ್ಕದ ಮೂಲಕವೇ ಸೋಸಿ ತೆಗೆಯುವ ಉಪಾಯಕ್ಕೆ ಡಿಜಿಟಲ್ ಫಿಲ್ಟರ್ ಎನ್ನುತ್ತಾರೆ. ಹೆಸರು ಕೇಳಿ ಗಾಬರಿಯಾಗಬೇಕಾಗಿಲ್ಲ. ಅದರ ಅತ್ಯಂತ ಸರಳ ರೂಪವೆಂದರೆ ಶಾಲೆಯಲ್ಲಿ ಕಲಿತ ಸರಾಸರಿ.

ಆಸ್ಪತ್ರೆಯಲ್ಲಿ ರೋಗಿಯ ಹೃದಯದ ಬಡಿತವನ್ನು ದಾಖಲಿಸುವ ಇ.ಸಿ.ಜಿ. ಯಂತ್ರವನ್ನು ನೆನೆಯೋಣ. ಹೃದಯವು ಸೆಕೆಂಡಿಗೆ ಸುಮಾರು ಒಂದು ಸಲ ಬಡಿಯುತ್ತದೆ. ಕೋಣೆಯ ವಿದ್ಯುತ್ ತಂತಿಗಳಿಂದ ಸೆಕೆಂಡಿಗೆ 50 ಸಲ ಏರಿಳಿಯುವ ಕಂಪನವೂ ಅದರೊಳಗೆ ನುಸುಳುತ್ತದೆ. ಗೀಟು ಗರಗಸದಂತೆ ನಡುಗುತ್ತದೆ. ವೈದ್ಯರಿಗೆ ನಿಜವಾದ ರೇಖೆ ಕಾಣದು. ಯಂತ್ರವು ಸೆಕೆಂಡಿಗೆ 200 ಸಲ ಅಳೆಯುತ್ತದೆಂದು ಇಟ್ಟುಕೊಂಡರೆ, ಆ ಕಂಪನದ ಒಂದು ಆವರ್ತಕ್ಕೆ ಸರಿಯಾಗಿ ನಾಲ್ಕು ಅಳತೆಗಳು ಬೀಳುತ್ತವೆ. ಅವು 0, 1, 0, -1 ಎಂಬಂತೆ ಇರುತ್ತವೆ. ಸಾಲಿನಲ್ಲಿ ಎಲ್ಲಿಂದ ಆರಂಭಿಸಿದರೂ ಪಕ್ಕಪಕ್ಕದ ನಾಲ್ಕರ ಮೊತ್ತ ಸೊನ್ನೆಯೇ. ಆದುದರಿಂದ ಪ್ರತಿ ಅಳತೆಯ ಬದಲಿಗೆ ಅದರ ಮತ್ತು ಅದರ ಹಿಂದಿನ ಮೂರರ ಸರಾಸರಿಯನ್ನು ಬರೆದರೆ ವಿದ್ಯುತ್ತಿನ ನಡುಕ ಮಾಯವಾಗುತ್ತದೆ. ನಿಧಾನವಾಗಿ ಸಾಗುವ ಹೃದಯದ ರೇಖೆ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಬಹುಮಟ್ಟಿಗೆ ಎಂಬ ಮಾತನ್ನು ಗಮನಿಸಬೇಕು. ಬಡಿತದ ಚೂಪಾದ ತುದಿಯು ಈ ಸರಾಸರಿಯಿಂದ ತುಸು ಮೊಂಡಾಗುತ್ತದೆ, ಏಕೆಂದರೆ ಚೂಪಾದ ತುದಿಯೆಂದರೆ ಸಣ್ಣ ಅಲೆಗಳ ಕೂಟವೇ. ಮರಳಿನಲ್ಲಿ ಹುದುಗಿದ ಬಳೆಯು ತನ್ನ ಅಂಚುಗಳನ್ನು ಕಳೆದುಕೊಂಡ ಬಗೆಯೂ ಇದೇ ಅಲ್ಲವೇ? ಅದಕ್ಕಾಗಿಯೇ ಎಂಜಿನಿಯರುಗಳು ಎಲ್ಲ ಅಂಕಿಗಳಿಗೂ ಒಂದೇ ತೂಕವನ್ನು ಕೊಡದೆ, ಬೇರೆ ಬೇರೆ ಗುಣಕಗಳಿಂದ ಗುಣಿಸಿ ಕೂಡಿಸುತ್ತಾರೆ. ಒಮ್ಮೊಮ್ಮೆ ಹಿಂದೆ ಬಂದ ಉತ್ತರವನ್ನೂ ಮುಂದಿನ ಲೆಕ್ಕಕ್ಕೆ ಸೇರಿಸುತ್ತಾರೆ. ಯಾವ ಗುಣಕಗಳನ್ನು ಆರಿಸಿದರೆ ಯಾವ ಅಲೆ ಉಳಿದು ಯಾವುದು ಅಳಿಯುವುದೆಂಬುದನ್ನು ತಿಳಿಯುವ ಮಾರ್ಗ ಒಂದೇ: ಅಂಕಿಗಳ ಸಾಲನ್ನು ಫೂರಿಯೆಯಂತೆ ಅಲೆಗಳಾಗಿ ಬಿಡಿಸಿ ನೋಡುವುದು.

ಬಿಡಿಸುವ ಈ ಕೆಲಸ ಬಹಳ ದುಡಿಮೆಯದು. 1024 ಅಂಕಿಗಳ ಸಾಲನ್ನು ನೇರವಾಗಿ ಬಿಡಿಸಲು ಹತ್ತು ಲಕ್ಷಕ್ಕೂ ಮೇಲ್ಪಟ್ಟು ಗುಣಾಕಾರಗಳು ಬೇಕು. 1965ರಲ್ಲಿ ಕೂಲಿ ಮತ್ತು ಟ್ಯೂಕಿ ಎಂಬ ಇಬ್ಬರು ಅಮೆರಿಕನ್ನರು ಸಾಲನ್ನು ಮತ್ತೆ ಮತ್ತೆ ಇಬ್ಭಾಗ ಮಾಡುತ್ತ ಹೋಗುವ ಜಾಣತನದಿಂದ ಅದನ್ನು ಹತ್ತು ಸಾವಿರದ ಆಸುಪಾಸಿಗೆ ಇಳಿಸಿದರು. ಗೌಸ್ ಎಂಬ ಜರ್ಮನ್ ಗಣಿತಜ್ಞನು ಸುಮಾರು 1805ರಲ್ಲಿಯೇ ಇಂಥ ಉಪಾಯವನ್ನು ಬರೆದಿಟ್ಟಿದ್ದನೆಂಬುದು ಆಮೇಲೆ ಬೆಳಕಿಗೆ ಬಂದಿತು; ಫೂರಿಯೆಯ ಮೊದಲ ಪ್ರಬಂಧಕ್ಕಿಂತಲೂ ಅದು ಹಿಂದಿನದು.

ಪ್ಯಾರಿಸಿನ ಐಫೆಲ್ ಗೋಪುರದ ಮೇಲೆ ಕೆತ್ತಿರುವ 72 ವಿದ್ವಾಂಸರ ಹೆಸರುಗಳಲ್ಲಿ ಫೂರಿಯೆಯ ಹೆಸರೂ ಇದೆ. ಓಸೇರಿನಲ್ಲಿ ಅವನ ಅಭಿಮಾನಿಗಳು 1849ರಲ್ಲಿ ನಿಲ್ಲಿಸಿದ ಕಂಚಿನ ಪ್ರತಿಮೆಯನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಲೋಹಕ್ಕಾಗಿ ಕರಗಿಸಿಬಿಟ್ಟರು. ಪರೀಕ್ಷಕರು ಬದಿಗಿಟ್ಟ 1807ರ ಆ ಮೊದಲ ಪ್ರಬಂಧದ ಹಸ್ತಪ್ರತಿಯು ಮಾತ್ರ ಹೇಗೋ ಉಳಿದುಕೊಂಡಿತ್ತು. ಅದು ಇಡಿಯಾಗಿ ಅಚ್ಚಾಗಿ ಓದುಗರ ಕೈಸೇರಿದುದು 1972ರಲ್ಲಿ, ಬರೆದ 165 ವರ್ಷಗಳ ಬಳಿಕ.